ಮಾರಿ ಕಂಡ್ರ ಸಾಕು

ಮಾತಾಡಬ್ಯಾಡ ಅಂದೆನಲ್ಲೋ ಗೈಬುಸಾಬ! ಗಂಟಲಾಗ ಕೀವಾಗಿ ದನಿನ ಹೋಗೇತಿ, ಮತ್ತ ಬಾಯಿ ತೆರೀತಿ. ಸುಮ್ಮ ಕುಂಡ್ರು. ಪೆನಿಸಿಲಿನ್ ಸೂಜಿ ಮಾಡೇನಿ, ನಾಳಿಗೆ ನಿಮ್ಮ ಅರಕೇರಿ ಊರಿಗೆಲ್ಲಾ ಕೇಳೂಹಂಗ ಒದರ್ತಿ ನೋಡು.

ಅತ್ಲಾಗ ಏನ್ ನೋಡಾಕತ್ತಿ? ಟವೆಲ್ ಹೊಚ್ಚಿದ್ದಾ? ಕಂಪ್ಯೂಟರ್ ಅದು. ನಮ್ಮ ಐಶ್ವರ್ಯ ತಂದಿಟ್ಟಾಳ. ಅಕಿನೂ ಡಾಕ್ಟರ್ ಆಗಿ ಬಾಜೂ ಖೋಲ್ಯಾಗ ಕುಂಡ್ರತಾಳಲ್ಲಾ, ಈಗ ಅಪ್ಪಗ ಪಾಠ! 'ಪಪ್ಪಾ, ಮದಲ ಪೇಶಂಟ್ ಹೆಸರು ಹಾಕ್ರಿ, ಯಾವ ಔಷಧ ಆಗಿಬರೂದಿಲ್ಲ ನೋಡ್ರಿ, ಆಮ್ಯಾಲೆ ಸೂಜಿ' ಅಂತಾಳ. ಹೆಸರು ಕೇಳಬೇಕಂತ, ಹೆಸರು! ಈ ಜಲನಗರದಾಗ ಜನ್ಮಾ ಸವಿಸೇನಿ... ಬಾಗಲಾಗ ಮಾರಿ ಕಂಡ್ರ ಸಾಕು, ಯಾವೂರು, ಯಾರ ಮಗ, ಯಾವ ಗುಳಿಗಿ ನಡದಾವ, ಎಲ್ಲಾ ಹೇಳ್ತೇನಿ. ಗುರುಪಾದಯ್ಯ ಡಾಕ್ಟರ್ ಹೆಸರು ಕೇಳೂದಿಲ್ಲ ಅಂತನ ಟಿಕೋಟಾ, ಬಬಲೇಶ್ವರದ ಮಂದಿ ಇಲ್ಲಿಗೆ ಬರ್ತಾರ!

ಯಾಕ ನಗ್ತಿ? ...ನಗಾಕತ್ತಿಲ್ಲಾ? ಮತ್ತ್ಯಾಕ ತಲಿ ಅಳ್ಳಾಡಿಸ್ತಿ?

ಮೊನ್ನೆ ಕಾಖಂಡಕಿ ಲಕ್ಕವ್ವನ್ನ ಅವರಕ್ಕನ ಹೆಸರಿಲೆ ಕರದೆ ಅಂತ. ಅದನ್ನ ಹಿಡಕೊಂಡು ಕುಂತಾಳ ಮಗಳು. ಬಾಯಿ ತಪ್ಪಿತು, ಅಷ್ಟ!

ನಿಮ್ಮ ಮನಿದ ತಗೋ. ಪೆನಿಸಿಲಿನ್ ಆಗಿಬರಲಾರದ್ದು ನಿನ್ನ ತಮ್ಮ ಅಯೂಬಗ. ತುಟಿ ಬಾತು, ಉಸಿರು ಕಟ್ಟಿ, ಇದ ಮಂಚದ ಮ್ಯಾಲೆ ಒದ್ದಾಡ್ಯಾನ. ನಿಮ್ಮವ್ವ ಮಾಬುಬಿ ನನ್ನ ಕಾಲು ಹಿಡಕೊಂಡಿದ್ಲು. ಮರಿಯಾಕ ಆಗ್ತೈತೇನು? ನಿಮ್ಮಿಬ್ಬರದೂ ಒಂದ ಅಚ್ಚು, ಅವ್ವನ ಮೂಗು. ಮಂದಿ ಅದಲು ಬದಲು ಮಾಡ್ತಾರ. ನಾ ಮಾಡಾಂವಲ್ಲ.

ಕುತಗಿ ತುರಿಸಬ್ಯಾಡ. ಗುಂಗಾಡ ಕಡದಿರಬೇಕು...

ಏನೋ? ನನ್ನ ಕೈ ಯಾಕ ಹಿಡೀತಿ? ಗೈಬುಸಾಬ... ತುಟಿ ಯಾಕ ಬಾತೈತಿ? ಗೈಬುಸಾಬಗ ಹಿಂಗ ಆಗೂದಿಲ್ಲ. ಆಗೂದ ಇಲ್ಲ! ನೀ... ನೀ ಗೈಬುಸಾಬ ಹೌದಲ್ಲೋ?

ಐಶ್ವರ್ಯಾ! ಲಗೂ ಬಾರವ್ವಾ, ಅಡ್ರಿನಲಿನ್ ಸೂಜಿ ತಗೊಂಡ ಬಾ, ಪೆನಿಸಿಲಿನ್ ಆಗಿಬಂದಿಲ್ಲ! ಯಾರಂತ ನನ್ನ ಕೇಳಬ್ಯಾಡ... ಮಾರಿ ಗುರುತ ಸಿಗವಲ್ದಾಗೇತವ್ವಾ ನನಗ. ಬಾಳ ದಿವಸಾತು. ಎಲ್ಲಾರೂ ಒಂದ ನಮೂನಿ ಕಾಣಾಕತ್ತಾರ...

ಯಪ್ಪಾ, ಬಾಯಿ ತೆರಿ. ಮಾತಾಡಬ್ಯಾಡ ಅಂದಿದ್ದು ನಂದ ತಪ್ಪು. ಒಮ್ಮೆ ಹೆಸರು ಹೇಳು... ಹೇಳೋ!