ಚಾವಣಿ ಮೇಲೆ ಪಾರ್ಕು, ಕೆಳಗೆ ಬೂದಿ

ಹಲೋ... ಯಾರು ಮಾತಾಡ್ತಿರೋದು?... ಹಾಂ? ಸರಿಯಾಗಿ ಕೇಳಿಸ್ತಿಲ್ಲ, ಯಾರು?...

ಓ, ನೀನಾ. ಹಳೇ ನಂಬರಿಂದ ಮಾಡಿದ್ರೆ ಅಕ್ಕ ಎತ್ತಲ್ಲ ಅಂತ ಬೇರೆ ನಂಬರಾ?...

ನಿನ್ನ ಭಾವ ಹೇಗಿದ್ದಾರೆ ಅಂತ ಅವರ ಕೈ ಸುಟ್ಟ ಹನ್ನೆರಡನೇ ದಿನಕ್ಕೆ ಕೇಳ್ತಿದ್ದೀಯ. ಎರಡೂ ಕೈಗೆ ಬ್ಯಾಂಡೇಜು. ನೀರು ಕೂಡ ನಾನೇ ಕುಡಿಸ್ಬೇಕು...

ಸಹಿನಾ? ಎಂಥ ಸಹಿ?... ಸೈರನ್ ಕೂಗಿತ್ತು, ನಾನೇ ಗಮನ ಕೊಡ್ಲಿಲ್ಲ ಅಂತ ಅವರು ಬರೆದುಕೊಡ್ಬೇಕಾ?... ಹೆಬ್ಬೆಟ್ಟಾದ್ರೂ ಸಾಕಾ? ಒತ್ತೋಕೆ ಹೆಬ್ಬೆಟ್ಟಲ್ಲಿ ಚರ್ಮ ಇರ್ಬೇಕಲ್ಲಪ್ಪ...

ಸುಮ್ನಿರು. ಸೈರನ್ ನಿಲ್ಲಿಸಿದ್ದೇ ಮ್ಯಾನೇಜರ್ ಸಾಹೇಬರು, ನೀನು, ಅಲ್ವಾ? ಕಸ ಸುಟ್ಟು ಕರೆಂಟ್ ಮಾಡೋ ಕಾರ್ಖಾನೆ ಅದು. ಅದರ ಚಾವಣಿಗೆ ಹುಲ್ಲು ಹಾಸಿ, ಜಾರುಬಂಡೆ ಕಟ್ಟಿ ಪಾರ್ಕು ಮಾಡಿದ್ರಿ, ಮಾಡ್ಕೊಳ್ಳಿ. ಸದ್ದಿಗೆ ಮೇಲಿನ ಮಕ್ಕಳು ಹೆದರ್ತಾರೆ, ಪಾರ್ಕು ತೆರೆದಿರೋವಾಗ ಕೆಂಪು ದೀಪ ಹತ್ತಿದ್ರೆ ಸಾಕು ಅಂದೋರು ಯಾರು?...

ದೀಪ ಹತ್ತಿತ್ತಾ? ಆ ಬೂದಿ ಧೂಳಲ್ಲಿ ಎದುರಿಗೆ ನಿಂತವರ ಮುಖ ಕಾಣಲ್ಲ ಅಂತಾರೆ ಇವರು. ಬೂದಿ ಸಾಗಿಸೋ ಬೆಲ್ಟು ಸಿಕ್ಕಿಕೊಂಡಿದ್ದೇ ಯಾರಿಗೂ ಗೊತ್ತಾಗ್ಲಿಲ್ಲ. ಬಿಸಿ ಬೂದಿ ರಾಶಿ ಕುಸಿದು, ಇವರ ಜೊತೆ ಕೆಲಸ ಮಾಡ್ತಿದ್ದ ಫಿಟ್ಟರ್ ಸೊಂಟದವರೆಗೂ ಹೂತುಹೋದ. ಇವರು ಬರಿಗೈಲಿ ಆ ಕೆಂಡ ಬಗೆದು ಅವನನ್ನ ಎಳೆದುಹಾಕಿದ್ರು. ನಿನ್ನ ಕಾಗದದಲ್ಲಿ ಇದನ್ನೂ ಬರೆದಿದ್ದೀಯಾ?...

ಆಗ ನಾನೆಲ್ಲಿದ್ದೆ ಗೊತ್ತಾ? ಅದೇ ಚಾವಣಿ ಮೇಲೆ. ನೀನು ಕೊಟ್ಟ ಪಾಸು ಹಿಡ್ಕೊಂಡು ನನ್ನ ಮಗಳನ್ನ, ನಿನ್ನ ಮುದ್ದು ಸೊಸೇನ, ಜಾರುಬಂಡೆ ಆಡಿಸ್ತಿದ್ದೆ. ಕೆಳಗೆ ಅವಳಪ್ಪ ಕೂಗ್ತಿದ್ದಾರೆ, ನನಗೆ ಕೇಳಿಸಿದ್ದು ನಿಮ್ಮ ಸ್ಪೀಕರಿನ ಹಾಡು. ಚಪ್ಪಾಳೆ ಬೇರೆ ತಟ್ಟುತ್ತಿದ್ದೆ ಕಣೋ...

ಇಲ್ಲ, ಅಳ್ತಿಲ್ಲ. ನಾಳೆ ವಿಚಾರಣೆಗೆ ನಾನೇ ಬರ್ತೀನಿ. ಸೈರನ್ ಕೂಗ್ಲಿಲ್ಲ, ಮೇಲೇ ಇದ್ದೆ ಅಂತ ಹೇಳ್ತೀನಿ. ಸೈರನ್ ಬೇಡ ಅಂತ ನೀನು ಸಹಿ ಹಾಕಿ ಗೋಡೆಗೆ ಅಂಟಿಸಿದ್ದ ಆದೇಶ ಫಿಟ್ಟರ್ ಹೆಂಡತಿ ಹತ್ರ ಇದೆ...

ಹೋಗ್ಲಿ ಬಿಡು ನಿನ್ನ ಕೆಲಸ... ಅಮ್ಮನ ಹೆಸರು ಎತ್ತಬೇಡ. ಒಡಹುಟ್ಟಿದವಳು ಅಂತ ಈಗ ನೆನಪಾಯ್ತಾ?...

ಇರು, ಇವರು ಎದ್ದಿದ್ದಾರೆ... ನಿಮ್ಮ ಬಾಮೈದ ಕಣ್ರೀ... ಹಾಂ, ಕೊಡ್ತೀನಿ. ನಿನ್ನ ಭಾವ ಮಾತಾಡ್ತಾರಂತೆ, ಫೋನು ಅವರ ಕಿವಿಗೆ ಹಿಡೀತೀನಿ. ನನಗೆ ಹೇಳಿದ್ದನ್ನ ಅವರಿಗೇ ಹೇಳು. ಸೈರನ್ ಕೂಗಿತ್ತು ಅನ್ನು...

ಹಲೋ... ಹೇಳೋ... ಹಲೋ?... ಕಟ್ ಮಾಡಿಬಿಟ್ಟ ಕಣ್ರೀ.