ಅಣ್ಣನ ಡಬ್ಬಿಯ ಮಾತ್ರೆ

ನನ್ನ ಕಿವಿ ಎಂಥದೆಂದರೆ, ಏಳು ಗೋಡೆಗಳಾಚೆ ಇರುವೆ ಆಕಳಿಸಿದರೂ ನನಗೆ ನಿದ್ದೆ ಕೆಡುತ್ತದೆ. ಅಂಥದ್ದರಲ್ಲಿ ಹೃದ್ರೋಗದ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲೇ ಕೂತ ಗಂಡ ಹೆಂಡತಿ ಪಿಸುಗುಟ್ಟಿದರೆ ಬಿಟ್ಟೇನೆ? ಅಲ್ಲಿ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದೆಂದು ಮಾತ್ರ ಹೇಳುವುದಿಲ್ಲ.

“ನಿಮ್ಮಣ್ಣನ ಕಾಲಿನ ಊತ ವಾರದಲ್ಲೇ ಇಳೀತಲ್ಲ, ಆಗಲೇ ನಂಗೆ ಗೊತ್ತಾಯ್ತು, ಭಾವನ ಡಬ್ಬೀಲಿರೋದೇ ನಿಜವಾದ್ದು ಅಂತ.”

“ಅದಕ್ಕೆ?”

“ಅವತ್ತಿಂದ ಅವರ ಮಾತ್ರೆ ನಿಮಗೆ, ನಿಮ್ಮದು ಅವರಿಗೆ. ಇಬ್ಬರಿಗೂ ದಿನಾ ತೆಗೆದು ಕೊಡೋಳು ನಾನೇ ಅಲ್ವಾ?”

“ಅಯ್ಯೋ ನಿನ್ನ! ಅದಕ್ಕೇ ಅಣ್ಣ ಈಗ ಚಪ್ಪಲಿ ಹಾಕ್ಕೊಳ್ಳೋಕೂ ಏದುಸಿರು ಬಿಡ್ತಾನೆ.”

“ಬಿಡ್ಲಿ ಬಿಡಿ. ನನಗೆ ನನ್ನ ಗಂಡ ಮುಖ್ಯ.”

ಇಬ್ಬರೂ ನಕ್ಕ ರಭಸಕ್ಕೆ ಬೆಂಚಿನ ಮೊಳೆಗಳೇ ಸಡಿಲಾದವು. ಅಷ್ಟರಲ್ಲಿ ನರ್ಸ್ ಬಂದಳು.

“ಪರೀಕ್ಷೆ ನಿಲ್ಲಿಸಿದೀವಿ. ನಿಜವಾದ ಮಾತ್ರೆ ತಗೊಂಡೋರ ಎದೆಬಡಿತ ಇದ್ದಕ್ಕಿದ್ದಂಗೆ ಕೆಡ್ತಿದೆ. ನಿಮ್ಮಣ್ಣಂದು ಅದೇ. ಅವರನ್ನ ಅಡ್ಮಿಟ್ ಮಾಡ್ಕೊಂಡಿದೀವಿ. ನಿಮ್ಮದು ಖಾಲಿ ಮಾತ್ರೆ. ಪುಣ್ಯವಂತರು, ಮನೆಗೆ ಹೋಗಿ.”

ಅವಳು ಅತ್ತ ಹೋದ ಮೇಲೆ ಗಂಡನ ಮುಖ ಬೆಳ್ಳಗಾಗಿ ಗೋಡೆಯ ಸುಣ್ಣವೇ ನಾಚಿಕೊಂಡಿತು.

“ಹೇಳ್ಬಿಡ್ಲೇನೇ?”

“ಏನಂತ? ಅಣ್ಣನ ಮಾತ್ರೆ ಕದ್ದು ತಿಂದೆ ಅಂತಲಾ? ನಿಮ್ಮತ್ತಿಗೆ ಒಳಗೇ ಇದಾರೆ, ನನ್ನ ಸಿಗಿದು ಹಾಕ್ತಾರೆ. ಏಳಿ, ಏಳಿ.”

“ಎದೆ ಡವಡವ ಅಂತಿದೆ ಕಣೇ.”

“ಮೆಟ್ಟಿಲು ಬೇಡ ಬಿಡಿ, ಲಿಫ್ಟಲ್ಲಿ ಹೋಗೋಣ.”