ತಿರುಮಲೇಶ ಬಿಟ್ಟುಹೋದ ಕೊನೆಯ ಅಧ್ಯಾಯ

— ಹಾಗಾಗಿ, ಸರಸ್ವತಿ ಅತ್ತಿಗೆ, ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಮಾತನ್ನೇ ಮುಂದುವರಿಸುತ್ತೇನೆ. ನೀವು ಕೇಳಿದ್ದಕ್ಕೆ ನಾನು “ನಾಳೆ ಹೇಳ್ತೀನಿ” ಅಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಆ ನಾಳೆ ಇವತ್ತು ಬಂದಿದೆ. ಆದರೆ ಮೊದಲು ಸಭೆಗೆ ಕೈ ಮುಗಿಯಬೇಕಿತ್ತು — ಕ್ಷಮಿಸಿ. ತಿರುಮಲೇಶನ ಹೆಂಡತಿ ನಮ್ಮ ಅತ್ತಿಗೆಗೆ, ಮಗಳು ಸಮನ್ವಿತಾಗೆ, ಪ್ರಕಾಶಕರಾದ ಶ್ರೀಕರ್ ಅವರಿಗೆ, ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಹಳಬರಿಗೆ, ಕತ್ರಿಗುಪ್ಪೆಯಿಂದ, ಬನಶಂಕರಿಯಿಂದ ಈ ಜಯನಗರದ ಹಾಲ್ ಹುಡುಕಿಕೊಂಡು ಬಂದ ಓದುಗರಿಗೆ — ಎಲ್ಲರಿಗೂ ಈ ಸುಭಾಷನ ನಮಸ್ಕಾರ.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತಿರುಮಲೇಶ ತನ್ನ ಕೊನೆಯ ಪತ್ತೇದಾರಿ ಕಾದಂಬರಿಯನ್ನು ಒಂದು ಅಧ್ಯಾಯ ಬಾಕಿ ಇಟ್ಟು ತೀರಿಹೋದ. ಕೊಲೆ ಆಗಿದೆ. ಕೊಲೆಗಾರ ಯಾರು ಅಂತ ಬರೆದಿಲ್ಲ. “ಕಥೆಯನ್ನು ಮೊದಲಿಂದ ಕೇಳಿದೋರು ನೀವೊಬ್ಬರೇ, ನೀವೇ ಮುಗಿಸಿಕೊಡಿ” — ಇದು ಅತ್ತಿಗೆಯ ಕೋರಿಕೆ. ಮುಗಿಸಿದರೆ ಪುಸ್ತಕ ಬರುತ್ತದೆ, ಇಲ್ಲದಿದ್ದರೆ ಇಲ್ಲ — ಇದು ಶ್ರೀಕರ್ ಅವರ ಮಾತು. ಅವರದೂ ತಪ್ಪಲ್ಲ. ಕೊಲೆಗಾರನಿಲ್ಲದ ಪತ್ತೇದಾರಿ ಕಾದಂಬರಿಯನ್ನು ಯಾರು ಕೊಳ್ಳುತ್ತಾರೆ?

ವೇದಿಕೆಯ ಮೇಲೆ “ಅವರು” ಅನ್ನಬೇಕು, ಗೊತ್ತು. ವಿತ್ ಡ್ಯೂ ರೆಸ್ಪೆಕ್ಟ್ ಟು ದ — ಡಿಪಾರ್ಟೆಡ್ ಸೋಲ್ ಅಂತ ಏನೋ ಇದೆ. ನನ್ನ ಬಾಯಿಗೆ ಬರುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ಅವನದೂ ನನ್ನದೂ ಪಕ್ಕಪಕ್ಕದ ಕುರ್ಚಿ. ನಾನು ಕೆಟ್ಟ ಲೈನುಗಳ ದೂರು ಬರೆದುಕೊಳ್ಳುವವನು. ಅವನ ಕಥೆಗಳಲ್ಲಿ ಸರಿಯಾದ ಹೊತ್ತಿಗೆ ಫೋನು ಡೆಡ್ ಆಗುತ್ತಿತ್ತಲ್ಲ, ಅದಕ್ಕೆ ಅವನು ಹೇಳುತ್ತಿದ್ದ: “ನೀನು ಹಗಲೆಲ್ಲ ರಿಪೇರಿ ಮಾಡ್ಸು ಗುರು, ನಾನು ಮನೆಗೆ ಹೋಗಿ ಕಟ್ ಮಾಡ್ತೀನಿ.” ಆಮೇಲೆ ಮೊಬೈಲ್ ಬಂತು. “ನನ್ನ ಹೊಟ್ಟೆ ಮೇಲೆ ಹೊಡೆದ್ರು ಕಣೋ” ಎಂದು ನಿಜವಾಗಿಯೂ ನೊಂದುಕೊಂಡ. ಬಾಡಿಗೆ ಪುಸ್ತಕದ ಅಂಗಡಿಗಳು ಮುಚ್ಚಿದವು, ವಾರಪತ್ರಿಕೆಗಳು ಧಾರಾವಾಹಿ ನಿಲ್ಲಿಸಿದವು, ಅವನು ಮಾತ್ರ ಬರೆಯುತ್ತಲೇ ಇದ್ದ. ಯಾರಿಗೆ ಬರೆಯುತ್ತೀಯ ಎಂದು ಕೇಳುವ ಧೈರ್ಯ ನಮಗೆ ಇರಲಿಲ್ಲ.

ಕೊನೆಗೆ ಕೂತದ್ದು ಈ ಬೆಟ್ಟದೂರಿನ ಕಥೆಗೆ. ಊರಿನ ಹೆಸರು ಧವಳಕೋಟ. ನಕ್ಷೆಯಲ್ಲಿ ಹುಡುಕಬೇಡಿ, ಇಲ್ಲ. ಹಿಮ ಬೀಳುವ ಊರು, ಪುಟ್ಟ ರೈಲು, ಕಣಿವೆಯ ಅಂಚಿನಲ್ಲೊಂದು ಹೋಟೆಲು, ಅದರ ಮಾಲೀಕನ ಕೊಲೆ. ಅವನು ಹಿಮ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ! ಗಿರಿನಗರದ ಏರು ರಸ್ತೆಗಳಲ್ಲಿ ನನ್ನನ್ನು ಏದುಸಿರು ಬಿಡುವವರೆಗೆ ನಡೆಸಿ, “ನೋಡು, ಪೊಲೀಸಿನವನು ಹೀಗೇ ಏದುಸಿರು ಬಿಡ್ತಾನೆ” ಅನ್ನುತ್ತಿದ್ದ. ಹಿಮದೂರಿನವರಿಗೆಲ್ಲ ನಮ್ಮ ಮಂಕಿ ಟೋಪಿ ಹಾಕಿಸಿದ್ದ. ಒಂದು ಕಡೆಯಂತೂ ಹೋಟೆಲಿನ ಮುಂದೆ, ಹಿಮದ ಮೇಲೆ, ಬೆಳಗಿನ ರಂಗೋಲಿ! “ಸಾರ್, ಹಿಮದ ಮೇಲೆ ಯಾರು ಸಾರ್ ರಂಗೋಲಿ ಹಾಕ್ತಾರೆ?” ಅಂತ ಶ್ರೀಕರ್ ಕೇಳಿದರೆ, “ಬಿಳಿ ಮೇಲೆ ಬಿಳಿ ಕಣ್ರೀ, ಸುಳಿವು ಅಲ್ಲೇ ಇದ್ರೂ ಯಾರಿಗೂ ಕಾಣಲ್ಲ” ಅಂದನಂತೆ. ನಗಿ, ಪರವಾಗಿಲ್ಲ. ಅವನೂ ನಗುತ್ತಿದ್ದ.

ಈಗ ಅವನ ಕೆಲಸದ ರೀತಿ ಹೇಳಬೇಕು, ಇಲ್ಲದಿದ್ದರೆ ನನ್ನ ಉತ್ತರ ನಿಮಗೆ ಅರ್ಥವಾಗುವುದಿಲ್ಲ. ಕೊಲೆಗಾರ ಯಾರು ಅಂತ ಅವನು ಮೊದಲೇ ಗೊತ್ತುಮಾಡಿಕೊಳ್ಳುತ್ತಿರಲಿಲ್ಲ. ಅಲ್ಲಿಯವರೆಗಿನ ಕಥೆಯನ್ನು ಪಾರ್ಕಿನ ಬೆಂಚಿನಲ್ಲಿ ನನಗೆ ಹೇಳಿ, ಕೊನೆಗೆ ಹೀಗೆ — ತೋರುಬೆರಳು ಎತ್ತಿ — “ಹೇಳು, ಯಾರು?” ನಾನು ಒಂದು ಹೆಸರು ಹೇಳಬೇಕು. ಹೇಳಿದೆನೋ, ಆ ಮನುಷ್ಯ ಬಚಾವ್! “ನಿನಗೇ ಹೊಳೀತು ಅಂದ್ಮೇಲೆ ಇಡೀ ಬನಶಂಕರಿಗೆ ಹೊಳೆಯುತ್ತೆ” ಎಂದು ಇನ್ನೊಬ್ಬನ ಕೈಗೆ ಬೇಡಿ ತೊಡಿಸುತ್ತಿದ್ದ. ಅವನ ಎಲ್ಲ ಪುಸ್ತಕಗಳಲ್ಲೂ ಹೀಗೇ. ಇಂಗ್ಲಿಷ್ ಕ್ಲಾಸಿನಲ್ಲಿ ಕೊನೆಯ ಗಂಟು ಬಿಚ್ಚುವುದಕ್ಕೆ ಒಂದು ಪದ ಹೇಳಿಕೊಟ್ಟಿದ್ದರು — ಡೆನೂಮಾ — ಡೆನೂಮೆಂಟೋ — ಬಿಡಿ. ಆ ಗಂಟು ಬಿಚ್ಚಲು ಅವನಿಗೆ ನನ್ನ ದಡ್ಡತನ ಬೇಕಿತ್ತು. ನನ್ನ ಹೆಂಡತಿ ಅಮ್ಮಣ್ಣಿ ಇದ್ದಾಗ ಛೇಡಿಸುತ್ತಿದ್ದಳು: “ಪಾಪ, ನಿಮ್ಮಿಂದ ಎಷ್ಟು ಜನ ಜೈಲು ತಪ್ಪಿಸ್ಕೊಂಡ್ರು ರೀ!”

ಅಮ್ಮಣ್ಣಿ ಹೋದದ್ದು ಈ ಕಾದಂಬರಿ ಅರ್ಧ ಆಗಿದ್ದಾಗ. ಅವಳು ಹೋದ ಮೇಲೆ ಒಂದು ದಿನ ಅವನು ಹೇಳಿದ ಕಥೆಯಲ್ಲಿ ಹೊಸಬನೊಬ್ಬ ಕಾಣಿಸಿಕೊಂಡ — ಹೆಂಡತಿ ತೀರಿಕೊಂಡ ಮುದುಕ ಮೇಷ್ಟ್ರು. ಬೆಟ್ಟದ ರೈಲು ಕೂಗಿದಾಗಲೆಲ್ಲ ಆ ಮೇಷ್ಟ್ರು, ಕರೆದವರು ಯಾರೂ ಇಲ್ಲದಿದ್ದರೂ, “ಬಂದೆ” ಅನ್ನುತ್ತಾನೆ. ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ನಾನು ಈಗಲೂ ಹಾಗೇ ಅನ್ನುತ್ತೇನೆ. ಅವಳು ಮೂರನೇ ಕೂಗಿಗೆ ಒಲೆ ಆರಿಸಲು ನನ್ನನ್ನು ಕರೆಯುತ್ತಿದ್ದಳು. ಇದನ್ನು ಅವನಿಗೆ ನಾನು ಹೇಳಿರಲಿಲ್ಲ. ಒಂದು ದಿನ ಊಟಕ್ಕೆ ಬಂದಿದ್ದ, ಕೇಳಿಸಿಕೊಂಡಿದ್ದ. ನೋಡಿ, ಅವನ ಕಿವಿ ಅಂಥದ್ದು.

ಆಮೇಲೆ ಅವನೇ ಮಲಗಿದ. ನಾನು ಹೋಗಿ ಹಾಸಿಗೆ ಪಕ್ಕ ಕೂರುತ್ತಿದ್ದೆ. ಯಾವತ್ತೂ ಒಂದೇ ಸಲ ಕೇಳುತ್ತಿದ್ದವನು ಈಗ ಹೋದಾಗಲೆಲ್ಲ “ಯಾರು?” ಅನ್ನುತ್ತಿದ್ದ. ಕಥೆಯಲ್ಲಿನ ಡಾಕ್ಟರು ಅಂದೆ. ಅವನು ಬಿಟ್ಟುಬಿಟ್ಟ. ಸತ್ತ ಹೋಟೆಲಿನವನ ಭಾವಮೈದುನ ಅಂದೆ. ಅವನನ್ನೂ ಬಿಟ್ಟ. ಫಾರೆಸ್ಟ್ ಗಾರ್ಡನನ್ನೂ ಬಿಟ್ಟ. ಉಳಿದವನು ಮೇಷ್ಟ್ರೊಬ್ಬನೇ. ಸಮನ್ವಿತಾ, ಅವತ್ತು ನೀನು ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದೆ, ನಿನಗೆ ನೆನಪಿರಬಹುದು. ಅವನಿಗೆ ಬೆರಳು ಎತ್ತಲು ಆಗಲಿಲ್ಲ, ಹುಬ್ಬು ಎತ್ತಿದ. ನಾನು ಮೆಲ್ಲಗೆ ಅಂದೆ — “ಮೇಷ್ಟ್ರು.”

ಅವನು ಅಂದ, “ಅವನನ್ನೂ ಬಿಡಿಸಿಬಿಟ್ಯಲ್ಲೋ ಸುಭಾಷ. ಇನ್ನು ಧವಳಕೋಟದಲ್ಲಿ ಕೊಲೆಗಾರ ಆಗೋಕೆ ಯಾರೂ ಉಳೀಲಿಲ್ಲ.” ಬೇಜಾರಲ್ಲಿ ಅಂದದ್ದಲ್ಲ. ನಕ್ಕ, ಕೆಮ್ಮಿದ, ನೀನು ಓಡಿ ಬಂದೆ. ಅದಾದ ಮೇಲೆ ಅವನು ಕಥೆಯ ಮಾತು ಎತ್ತಲಿಲ್ಲ. ಕಾಫಿಗೆ ಸಕ್ಕರೆ ಹಾಕ್ತಾರೋ ಇಲ್ವೋ ಅಂತ ನಿಮ್ಮಮ್ಮನ ಹತ್ತಿರ ಜಗಳ ಆಡಿದ. ಆ ವಾರವೇ ಹೋದ.

ರಾತ್ರಿಯೆಲ್ಲ ಯೋಚಿಸಿದೆ, ಅತ್ತಿಗೆ. ಬರೆಯುವುದು ಕಷ್ಟವಲ್ಲ. ಇಷ್ಟು ವರ್ಷ ಕೇಳಿದ್ದೇನೆ, ಬೇಡಿ ಹೇಗೆ ಹಾಕಿಸಬೇಕು ಅಂತ ನನಗೂ ಗೊತ್ತು. ಆದರೆ ಯಾರಿಗೆ ಹಾಕಿಸಲಿ? ನಾನು ಹೆಸರಿಸಿದವರನ್ನೆಲ್ಲ ಅವನು ಒಬ್ಬೊಬ್ಬರನ್ನಾಗಿ ಬಿಟ್ಟುಕಳಿಸಿದ್ದಾನೆ. ಅವನು ಬಿಟ್ಟವರನ್ನು ನಾನು ಹಿಡಿದು ತರಬೇಕೆ? ಹೊಸಬನೊಬ್ಬನನ್ನು ಕೊನೆಯ ಪುಟದಲ್ಲಿ ತಂದು ನಿಲ್ಲಿಸಿದರೆ, ಅದು ಓದುಗರಿಗೆ ಮಾಡುವ ಮೋಸ. ಅಂಥ ಮೋಸ ಅವನು ಒಂದು ಪುಸ್ತಕದಲ್ಲೂ ಮಾಡಲಿಲ್ಲ. ಅದಕ್ಕೇ — ನಾನು ಬರೆಯುವುದಿಲ್ಲ. ನಿಮ್ಮ ಮಾತು ತೆಗೆದುಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ.

ಬರೆಯಲ್ಲ ಅಂದಮೇಲೆ ಸುಮ್ಮನೆ ಕೂರುವ ಹಕ್ಕು ನನಗಿಲ್ಲ. ಶ್ರೀಕರ್ ಅವರೇ, ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ, ಮುಜುಗರವಾದರೆ ಆಗಲಿ. ಅವನು ನಿಲ್ಲಿಸಿದಲ್ಲಿಗೇ ಅಚ್ಚು ಹಾಕಿ. ಕೊನೆಗೆ “ಇಲ್ಲಿಯವರೆಗೆ ತಿರುಮಲೇಶ” ಅಂತ ಒಂದು ಸಾಲು ಸಾಕು. ಓದಿದವರು ಬೈಯುತ್ತಾರೆ. ಬೈಯಲಿ. ನಿಮ್ಮ ಅಂಗಡಿಗೆ ಬಂದು ಜಗಳ ಆಡಲಿ, ಅವನೇ ಕೊಂದದ್ದು ಇವನೇ ಕೊಂದದ್ದು ಅಂತ ಕಿರುಚಾಡಲಿ. ಅವನ ಪುಸ್ತಕದ ಬಗ್ಗೆ ಈ ಊರಿನಲ್ಲಿ ಯಾರಾದರೂ ಜಗಳ ಆಡಿ ಎಷ್ಟು ಕಾಲವಾಯಿತು! ಹಾಕ್ತೀರಾ, ಶ್ರೀಕರ್? ಹೇಳಿ —

ತಲೆ ಆಡಿಸಿದಿರಿ. ಹೂಂ ಅಂತಲೋ, ಊಹೂಂ ಅಂತಲೋ — ಇಲ್ಲಿಂದ ನನಗೆ ಕಾಣಲಿಲ್ಲ. ಕಿಟಕಿಯ ಬೆಳಕು ಹೋಗುತ್ತಿದೆ. ನಿಮ್ಮ ಯಾರ ಮುಖವೂ ಸರಿಯಾಗಿ ಕಾಣುತ್ತಿಲ್ಲ ನನಗೆ.

ಬೇಡ, ಯಾರೂ ಈಗಲೇ ದೀಪ ಹಾಕಬೇಡಿ. ಶ್ರೀಕರ್, ನಿಮ್ಮ ಉತ್ತರ ಆಮೇಲೆ ಅತ್ತಿಗೆಗೇ ಹೇಳಿ. ನನ್ನ ಮಾತು ಇಲ್ಲಿಗೆ ಸಾಕು. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಮಂಡಿನೋವು ಇರುವವರು ಕೂತೇ ಇರಿ. ಸರಸ್ವತಿ ಅತ್ತಿಗೆ, ನೀವು ಏಳಬೇಡಿ. ಇಷ್ಟು ದಿನ ಅವನಿಗಾಗಿ ಎದ್ದಿದ್ದು ಸಾಕು, ಈ ಒಂದು ಸಲ ನಾವು ಏಳುತ್ತೇವೆ.

ಇನ್ನು ಮಾತು ಬೇಡ.